ಮೇರಿ ಮಿಸ್ ಮುಟ್ಟಬಾರದು

ಆಲಿಯಾ ಬಿದ್ದಾಗ ಸಗಾಯಮೇರಿಯ ಕೈಯಲ್ಲಿ ಸುಣ್ಣದ ಪುಡಿಯ ಡಬ್ಬವಿತ್ತು. ಬೆಳಗಿನಿಂದ ಬಗ್ಗಿ ಬಗ್ಗಿ ಖೋ-ಖೋ ಅಂಕಣದ ಗೆರೆ ಎಳೆದು ಸೊಂಟ ಹಿಡಿದುಕೊಂಡಿತ್ತು. ಬೆರಳ ಸಂದಿಯಲ್ಲೆಲ್ಲ ಸುಣ್ಣ. ಹುಡುಗಿ ಕಂಬ ಹಿಡಿದು ತಿರುಗಿದವಳು ಕಾಲು ಹೊರಳಿ ಧೊಪ್ಪನೆ ಬಿದ್ದಳು. ಮೈದಾನದ ಆ ತುದಿಗೂ ಕೇಳುವ ಹಾಗೆ ಚೀರಿದಳು.

ಮೇರಿ ಡಬ್ಬ ಬಿಸಾಕಿ ಓಡಿದಳು. ಹುಡುಗಿಯ ಪಕ್ಕದಲ್ಲಿ ಮಂಡಿಯೂರಿ ಎರಡೂ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

ಮೇಲಿನ ವರಾಂಡದಲ್ಲಿ ಪ್ರಿನ್ಸಿಪಾಲ್ ಸುಗುಣಾ ಮೇಡಂ ನಿಂತಿದ್ದರು. ಕೆಳಗೇ ನೋಡುತ್ತಿದ್ದರು. ಹೇಳುವುದನ್ನೆಲ್ಲ ಹಿಂದಿನ ವಾರವೇ ಅವರ ಕೋಣೆಯಲ್ಲಿ ಹೇಳಿ ಮುಗಿಸಿದ್ದಾಗಿತ್ತು. ಹೆಣ್ಣುಮಕ್ಕಳನ್ನು ಮೇರಿ ಮಿಸ್ ಮುಟ್ಟಬಾರದು.

"ಕಾಲು ಮಿಸ್... ಆಗ್ತಿಲ್ಲ ಮಿಸ್... ಎತ್ತಿ ಮಿಸ್..."

"ಅಲುಗಾಡಬೇಡ ಆಲಿಯಾ. ಹಂಗೇ ಇರು. ಉಸಿರು ಎಳ್ಕೊ." ಬಾಯಿ ಹೇಳಿತು. ಕೈಗಳನ್ನು ಮೇರಿ ಬೆನ್ನ ಹಿಂದೆ ಒಯ್ದು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಳು. ತನ್ನ ಕೈಯನ್ನೇ ತಾನು ಕಳ್ಳನ ಹಾಗೆ ಹಿಡಿದು ನಿಲ್ಲಿಸಿದ್ದಳು.

ಗೇಟು ಕಾಯುವ ಮಂಜಪ್ಪ ಓಡಿ ಬಂದ. ಬಂದವನು ಮೇರಿಯ ಮುಖ ನೋಡಿದ. "ನಾನು ಎತ್ಲಾ ಮಿಸ್? ಹೆಣ್ಮಗು. ನೀವೇ..."

"ಎತ್ತು ಮಂಜಪ್ಪ."

ಅವನು ಮುಜುಗರದಿಂದ ಮುಖ ಬೇರೆ ಕಡೆ ತಿರುಗಿಸಿಕೊಂಡು ಹುಡುಗಿಯನ್ನು ಎತ್ತಿದ. ಅವಳ ಕಾಲು ಜೋತುಬಿತ್ತು. ಮತ್ತೆ ಚೀರಿದಳು. ಗೇಟು ಕಾಯುವ ಗಂಡಸು ಮುಟ್ಟಬಹುದು. ಏಳು ವರ್ಷ ಈ ಮೈದಾನದಲ್ಲಿ ಮಕ್ಕಳ ಕಾಲಿಗೆ ಬ್ಯಾಂಡೇಜು ಸುತ್ತಿದ, ವಾಂತಿ ತೊಳೆದ, ಮೊದಲ ಸಲ ಮುಟ್ಟಾಗಿ ಹೆದರಿ ಅತ್ತವರನ್ನು ಎದೆಗಪ್ಪಿಕೊಂಡು ಬಾತ್‌ರೂಮಿಗೆ ಕರೆದೊಯ್ದ ಹೆಂಗಸು ಮುಟ್ಟಬಾರದು.

ಉಳಿದ ಹುಡುಗಿಯರು ಸುತ್ತ ನಿಂತು ಮೇರಿಯನ್ನೇ ನೋಡುತ್ತಿದ್ದರು. ಯಾಕೆ ಮಿಸ್ ಎಂದು ಯಾರೂ ಕೇಳಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ಅದೇ ಅವಳಿಗೆ ಹೆಚ್ಚು ಉರಿಯಿತು.

ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಸುಣ್ಣ ಹೋದ ಮೇಲೂ ತೊಳೆಯುತ್ತಲೇ ಇದ್ದಳು.

*

ಶಾಲೆಯ ಹೆಸರು ಕಾನಾನ್ ಹಿಲ್ಸ್. ಶಿವಮೊಗ್ಗದಿಂದ ಸಕ್ರೆಬೈಲಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಇದೆ. ಕ್ರೈಸ್ತ ಟ್ರಸ್ಟೊಂದು ನಡೆಸುವ ಇಂಗ್ಲಿಷ್ ಶಾಲೆ. ಓದುವವರು ಎಲ್ಲ ಜಾತಿಯವರು, ಎಲ್ಲ ಧರ್ಮದವರು. ಸೀಟಿಗಾಗಿ ಶಾಸಕರ ಮನೆಯಿಂದ ಫೋನು ಮಾಡಿಸುವವರಿದ್ದಾರೆ.

ಮೇರಿಯ ಊರು ಭದ್ರಾವತಿ. ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ಸಲಿಕೆ ಹಿಡಿದು ಬೆಂದವನು. ಅಜ್ಜಿ ತಮಿಳುನಾಡಿನಿಂದ ಬಂದವಳು. ಅಲ್ಲಿ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯೇಸುವನ್ನು ನಂಬಿದ ಮೇಲೆ ಚರ್ಚಿನಲ್ಲೂ ಅವರ ಬೆಂಚು ಹಿಂದೆಯೇ ಇತ್ತಂತೆ. ಅದಕ್ಕೇ ಅಜ್ಜಿ ಭದ್ರಾವತಿಯ ಹೊಗೆಗೆ ಬಂದವಳು. "ಇಂಗ ಎಲ್ಲಾರುಂ ಕರುಪ್ಪು" ಎಂದು ನಗುತ್ತಿದ್ದಳು. ಇಲ್ಲಿ ಎಲ್ಲರೂ ಕಪ್ಪೇ.

ಮೇರಿ ಓಡಿ ಓಡಿ ಮೇಲೆ ಬಂದವಳು. ಬರಿಗಾಲಲ್ಲಿ ಓಡಿದಳು, ರಾಜ್ಯದ ತಂಡಕ್ಕೆ ಖೋ-ಖೋ ಆಡಿದಳು, ದೈಹಿಕ ಶಿಕ್ಷಣದ ಕೋರ್ಸು ಮುಗಿಸಿದಳು. ಈ ಶಾಲೆಗೆ ಟೀಚರಾಗಿ ಬಂದ ಮೇಲೆ ಕಪಾಟು ತುಂಬುವಷ್ಟು ಕಪ್‌ಗಳನ್ನು ಗೆದ್ದು ತಂದಳು. ಕಪಾಟು ಪ್ರಿನ್ಸಿಪಾಲರ ಕೋಣೆಯಲ್ಲಿದೆ. ಸಂದರ್ಶನಕ್ಕೆ ಬಂದ ಪೋಷಕರನ್ನು ಅದರ ಮುಂದೆಯೇ ಕೂರಿಸುತ್ತಾರೆ.

ಅವಳು ಮದುವೆಯಾಗಿರಲಿಲ್ಲ. ಶಾಮಲಾ ಎಂಬವಳ ಜೊತೆ ಭದ್ರಾವತಿಯ ಹಳೆಯ ಕ್ವಾರ್ಟರ್ಸಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದಳು. ಶಾಮಲಾ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಸ್ಸಿನಲ್ಲೇ ಗುರುತಾದದ್ದು. ದಿನಾ ಅದೇ ಬಸ್ಸು, ಅದೇ ಸೀಟು. ಒಂದು ದಿನ ಶಾಮಲಾ ಕೇಳಿದ್ದಳು, "ಏನು ಮೇಡಂ, ಊಟ ಮಾಡಿಲ್ವಾ, ಮುಖ ಬಾಡಿದೆ?" ಅಲ್ಲಿಂದ ಶುರು. ಕೇಳಿದವರಿಗೆ ದೂರದ ಸಂಬಂಧ ಎನ್ನುತ್ತಿದ್ದರು. ಶಾಲೆಯವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಪ್‌ಗಳು ಬರುತ್ತಿರುವ ತನಕ ಗೊತ್ತಿಲ್ಲದವರ ಹಾಗಿದ್ದರು.

ಒಂಬತ್ತನೆಯ ತರಗತಿಯ ಸ್ಪಂದನಾ ಅದನ್ನು ಕೆಡಿಸಿದಳು. ಹಾಗೆ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು. ಮೇರಿ ಹಾಗೆ ಹೇಳುವುದಿಲ್ಲ.

ಸ್ಪಂದನಾ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು. ಅವಳಪ್ಪ ಷಡಕ್ಷರಪ್ಪ ಕುಂಸಿಯ ಕಡೆಯವನು, ಶಿವಮೊಗ್ಗದಲ್ಲಿ ಸಿಮೆಂಟಿನ ವ್ಯಾಪಾರ. ಜಿಲ್ಲಾ ಪಂದ್ಯ ಗೆದ್ದು ಬಂದ ದಿನ ಹುಡುಗಿ ತನ್ನ ಪದಕ ಬಿಚ್ಚಿ ಕ್ಲಾಸಿನ ಕವನಾಳ ಕೊರಳಿಗೆ ಹಾಕಿದಳು. "ನೀನಂದ್ರೆ ನಂಗೆ ಇಷ್ಟ" ಎಂದಳು. ಅಷ್ಟೇ. ಕವನಾ ಪದಕ ಹಾಕಿಕೊಂಡೇ ಮನೆಗೆ ಹೋದಳು. ಅವಳಪ್ಪ ಉಮಾಮಹೇಶ್ವರ ಕಾಲೇಜಿನಲ್ಲಿ ಸಂಸ್ಕೃತ ಕಲಿಸುವವರು. ಯಾರದ್ದಿದು ಎಂದು ಕೇಳಿದರು. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮರುದಿನ ಅವರು ಶಾಲೆಯಲ್ಲಿದ್ದರು.

ಅದಕ್ಕೂ ಮೊದಲು ಒಂದು ಸಂಜೆ ಸ್ಪಂದನಾ ಶೂ ಲೇಸು ಕಟ್ಟುತ್ತ ತಲೆ ಎತ್ತದೆ ಮೇರಿಯನ್ನು ಕೇಳಿದ್ದಳು, "ಮಿಸ್, ನನ್ನಂಥೋರು ದೊಡ್ಡೋರಾದ ಮೇಲೆ ಏನಾಗ್ತಾರೆ?"

ನನ್ನಂಥೋರು ಅಂದರೆ ಏನು ಎಂದು ಮೇರಿ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. "ದೊಡ್ಡೋರಾಗ್ತಾರೆ ಕಣೇ. ಕೆಲಸಕ್ಕೆ ಹೋಗ್ತಾರೆ. ಅನ್ನ ಸಾರು ಮಾಡ್ಕೊಂಡು ತಿಂತಾರೆ. ತಪ್ಪೇನಿಲ್ಲ ಅದ್ರಲ್ಲಿ."

ಹುಡುಗಿ ತಲೆ ಎತ್ತಿ ಅವಳ ಮುಖ ನೋಡಿದಳು. ಮೇರಿ ನೋಟ ತಪ್ಪಿಸಲಿಲ್ಲ.

ಶಾಲೆಯಿಂದ ದೂರು ಬಂದ ರಾತ್ರಿ ಮನೆಯಲ್ಲಿ ಷಡಕ್ಷರಪ್ಪ ಬೆಲ್ಟು ತೆಗೆದುಕೊಂಡಾಗ ಹುಡುಗಿಯ ಬಾಯಿಂದ ಅದೇ ಮಾತು ಬಂತು. "ತಪ್ಪೇನಿಲ್ಲ ಅಂತ ಮೇರಿ ಮಿಸ್ ಹೇಳಿದಾರೆ." ಅವನು ಇನ್ನೂ ಹೊಡೆದ. ಆ ಮಾತನ್ನು ಶಾಲೆಗೂ ಮುಟ್ಟಿಸಿದ.

ಹತ್ತೇ ದಿನದಲ್ಲಿ ಟ್ರಸ್ಟು 'ನಡತೆ ನೀತಿ' ತಂದಿತು. ಪ್ರಾರ್ಥನೆಯ ಹೊತ್ತಿಗೆ ಓದಿದರು. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಬಯಸುವುದು ದೇವರಿಗೆ ವಿರುದ್ಧ. ಇಲ್ಲಿ ಓದುವವರು ಹಾಗೆ ನಡೆದರೆ ಟಿ.ಸಿ. ಕೊಡಲಾಗುವುದು. ಕೆಲಸ ಮಾಡುವವರು ಹಾಗೆ ಬಾಳಬಾರದು, ಬಾಳುವವರನ್ನು ಸರಿ ಎನ್ನಲೂ ಬಾರದು. ಎಲ್ಲ ಟೀಚರುಗಳೂ ಸಾಲಾಗಿ ಬಂದು ಸಹಿ ಹಾಕಿದರು. ಮೇರಿಯ ಸರದಿ ಬಂದಾಗ ಅವಳು ಪೆನ್ನು ಹಿಂದಿನವರಿಗೆ ಕೊಟ್ಟು ಹೊರಟುಹೋದಳು.

ಆ ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು.

ಕೋಣೆಯಲ್ಲಿ ಕರೆಸ್ಪಾಂಡೆಂಟ್ ಜ್ಞಾನೇಶ್ ಇದ್ದರು. ಟ್ರಸ್ಟಿನ ಪರವಾಗಿ ಶಾಲೆ ನಡೆಸುವವರು. ಇಸ್ತ್ರಿ ಹಾಕಿದ ಬಿಳಿ ಅಂಗಿ. ಮೆದು ಮಾತು. ಸುಗುಣಾ ಮೇಡಂ ಪಕ್ಕದಲ್ಲಿ ಕೂತು ಮೇಜಿನ ಗಾಜು ನೋಡುತ್ತಿದ್ದರು. ಮೇರಿಗೆ ಕೂರಲು ಹೇಳಲಿಲ್ಲ.

"ಸಿಸ್ಟರ್ ಮೇರಿ, ನಿಮ್ಮ ಜೊತೆ ಇರೋರು ಯಾರು?"

"ಶಾಮಲಾ."

"ಏನಾಗ್ಬೇಕು?"

ಮೇರಿ ಕಪಾಟಿನ ಕಪ್‌ಗಳ ಕಡೆ ನೋಡಿದಳು.

"ಎಷ್ಟು ರೂಮಿನ ಮನೆ?"

"ಒಂದು ರೂಮು, ಅಡುಗೆಮನೆ."

"ಮಂಚ ಎಷ್ಟಿದೆ?"

ಫ್ಯಾನು ತಿರುಗುತ್ತಿತ್ತು. ಸುಗುಣಾ ಮೇಡಂ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಮೇರಿಯ ಕಾಲು ತಾನಾಗಿ ಕುಣಿಯತೊಡಗಿತು. ಪಂದ್ಯ ಶುರುವಾಗುವ ಮೊದಲು ಹಾಗಾಗುತ್ತಿತ್ತು. ಓಡಬೇಕು. ಆದರೆ ಎತ್ತ ಓಡುವುದು?

"ಸಾರ್, ನೀವು ನಿಮ್ಮ ಮನೆಯವ್ರ ಜೊತೆ ಹೆಂಗೆ ಮಲಗ್ತೀರಿ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?"

ಜ್ಞಾನೇಶರ ಮುಖ ಕಪ್ಪಿಟ್ಟಿತು. ದನಿ ಮಾತ್ರ ಮೆದುವಾಗಿಯೇ ಉಳಿಯಿತು. "ನಮ್ಮದು ಮದುವೆ ಸಿಸ್ಟರ್. ನಿಮ್ಮದು ಪಾಪ."

"ಅದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ."

"ಕೋರ್ಟು ಹೊರಗಡೆ. ಇದು ನಮ್ಮ ಕಾಂಪೌಂಡು." ಅವರು ಎದ್ದರು. "ಸಹಿ ಹಾಕಿ. ಆ ಹೆಂಗಸನ್ನ ಕಳ್ಸಿ. ನಾವೆಲ್ಲ ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಿ. ಮುಂದಿನ ಶನಿವಾರ ಪೋಷಕರ ಸಭೆ ಇದೆ. ಅಲ್ಲೀತನಕ ಟೈಮು. ಅಲ್ಲೀತನಕ ಹೆಣ್ಮಕ್ಕಳನ್ನ ಮುಟ್ಟಬೇಡಿ. ನಾಳೆ ಯಾರಾದ್ರೂ ಏನಾದ್ರೂ ಹೇಳಿದ್ರೆ ನಿಮಗೇ ಕಷ್ಟ."

ಅಜ್ಜಿಗೆ ಬಾವಿ. ಮೊಮ್ಮಗಳಿಗೆ ಮಕ್ಕಳು. ಮೇರಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಳು.

*

ಆಲಿಯಾ ಬಿದ್ದ ದಿನ ಸಂಜೆ ಮೇರಿ ಮನೆಗೆ ಬಂದು ಕೂರಲೇ ಇಲ್ಲ. ಅಡುಗೆಮನೆಯಿಂದ ಬಾಗಿಲು, ಬಾಗಿಲಿನಿಂದ ಅಡುಗೆಮನೆ. ಒಂದೇ ರೂಮಿನ ಮನೆಯಲ್ಲಿ ಅದೆಷ್ಟು ನಡೆಯಲು ಸಾಧ್ಯವೋ ಅಷ್ಟು ನಡೆದಳು. ಶಾಮಲಾ ಖಾಕಿ ಬಿಚ್ಚಿ ನೈಟಿ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು.

"ಕೂತ್ಕೋ ಮಾರಾಯ್ತಿ. ತಲೆ ತಿರುಗ್ತಿದೆ ನಂಗೆ."

"ಕೂತ್ರೆ ಆಗ್ತಿಲ್ಲ."

"ಸಹಿ ಹಾಕಿ ಬಾ. ಕಾಗದ ಅದು. ಕಾಗದಕ್ಕೇನು ಗೊತ್ತು? ನಾನು ಸ್ವಲ್ಪ ದಿನ ತರೀಕೆರೆಲಿ ಅಕ್ಕನ ಮನೇಲಿ ಇರ್ತೀನಿ. ಎಲ್ಲ ತಣ್ಣಗಾದ್ಮೇಲೆ ಬರ್ತೀನಿ."

"ಆ ಹುಡುಗಿ?"

"ಯಾವ ಹುಡುಗಿ?"

"ಸ್ಪಂದನಾ. ನಾನು ತಪ್ಪಿಲ್ಲ ಅಂದೆ. ಈಗ ಪಾಪ ಅಂತ ಸಹಿ ಹಾಕ್ಲಾ?"

ಶಾಮಲಾ ಚಾಕು ಕೆಳಗಿಟ್ಟಳು. ಈರುಳ್ಳಿಯ ನೀರು ಕಣ್ಣಲ್ಲಿತ್ತು. "ಆ ಹುಡುಗಿಗೆ ಅಪ್ಪ ಇದಾನೆ, ಸಿಮೆಂಟಿನ ಅಂಗಡಿ ಇದೆ. ನಮಗೆ ಯಾರಿದಾರೆ? ನಿನ್ನ ಕೆಲಸ ಹೋದ್ರೆ ಹೋಗ್ಲಿ, ನಾನು ದುಡೀತೀನಿ. ಆದ್ರೆ ನನ್ನ ಹೆಸರು ಎಲ್ಲೂ ಬರಬಾರ್ದು ಮೇರಿ. ಡಿಪೋದಲ್ಲಿ ಗಂಡಸ್ರು ಹೆಂಗಿರ್ತಾರೆ ನಿಂಗೊತ್ತಿಲ್ಲ. ದಿನಾ ಬಸ್ಸಿನ ತುಂಬ ಜನ. ನಾನು ಅವರ ಮೈಗೆ ಮೈ ತಾಗಿಸ್ಕೊಂಡೇ ಟಿಕೆಟ್ ಹರೀಬೇಕು. ಒಬ್ಬೊಬ್ಬನೂ ಒಂದೊಂದು ಮಾತಾಡ್ತಾನೆ."

"ನಿನ್ನ ಹೆಸರು ನಾನೇಕೆ ಹೇಳ್ಲಿ?"

"ಆಣೆ ಮಾಡು."

ಮೇರಿ ಆಣೆ ಮಾಡಿದಳು. ಮತ್ತೆ ನಡೆಯತೊಡಗಿದಳು.

*

ಶನಿವಾರ ಬೆಳಿಗ್ಗೆ ಪ್ರಾರ್ಥನೆಯ ಹಾಲ್ ತುಂಬಿತ್ತು. ಅಪ್ಪಂದಿರು ಒಂದು ಕಡೆ, ಅಮ್ಮಂದಿರು ಒಂದು ಕಡೆ. ಟೀಚರುಗಳನ್ನು ಗೋಡೆಯ ಪಕ್ಕ ನಿಲ್ಲಿಸಿದ್ದರು. ಮೇರಿ ಕೊನೆಯವಳು. ಅವಳ ಪಕ್ಕದವಳು ಸ್ವಲ್ಪ ಸರಿದು ನಿಂತಿದ್ದಳು.

ಜ್ಞಾನೇಶ್ ನೀತಿಯನ್ನು ಓದಿದರು. ಓದಿ ಮುಗಿಸಿ ಪೋಷಕರ ಅಭಿಪ್ರಾಯ ಕೇಳಿದರು.

ಉಮಾಮಹೇಶ್ವರ ಎದ್ದರು. "ನಾನು ಸಂಸ್ಕೃತ ಓದಿದವನು. ನಿಮ್ಮ ದೇವರು ಬೇರೆ, ನಮ್ಮ ದೇವರು ಬೇರೆ. ಫಾದರು, ಪಾಸ್ಟರು ಅಂತ ನಮಗೆ ನಿಮ್ಮ ಜೊತೆ ನೂರು ಜಗಳ ಇರಬಹುದು. ಆದ್ರೆ ಈ ಒಂದು ವಿಷಯದಲ್ಲಿ ಟ್ರಸ್ಟಿಗೆ ನನ್ನ ಪೂರ್ತಿ ಬೆಂಬಲ."

ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟ ಮೆಹಬೂಬ್ ಸಾಬ್ ಕೂತಲ್ಲಿಂದಲೇ ಕೈಯೆತ್ತಿದರು. "ಬಿಲ್ಕುಲ್ ಸರಿ ಮಾತು ಮೇಷ್ಟ್ರೇ. ಮಕ್ಕಳು ಕೆಟ್ರೆ ಎಲ್ಲಾರ್ದೂ ಕೆಡ್ತದೆ."

ಈ ಊರಿನಲ್ಲಿ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕೆಂದು ಜಗಳವಾಗಿ ಅಂಗಡಿಗಳ ಷಟರು ಇಳಿದದ್ದುಂಟು. ಹುಡುಗಿಯರು ತಲೆಗೆ ಬಟ್ಟೆ ಹೊದೆಯಬೇಕೋ ಬೇಡವೋ ಎಂದು ಕಾಲೇಜಿನ ಬಾಗಿಲು ಮುಚ್ಚಿದ್ದುಂಟು. ಆಗ ಮುಖ ಮುಖ ನೋಡದ ಗಂಡಸರು ಅಂದು ಒಟ್ಟಿಗೆ ಚಪ್ಪಾಳೆ ತಟ್ಟಿದರು. ಮೂರು ದೇವರುಗಳನ್ನು ಒಂದೇ ಹಾಲಿನಲ್ಲಿ ಕೂರಿಸಲು ಒಬ್ಬ ಹದಿನಾಲ್ಕರ ಹುಡುಗಿ ಬೇಕಾಗಿದ್ದಳು.

ಹಿಂದಿನ ಸಾಲಿನಿಂದ ಒಬ್ಬ ಯುವಕ ಹೇಳಿದ, "ಸಾರ್, ಮಕ್ಕಳು ಈ ವಯಸ್ಸಲ್ಲಿ ಏನೇನೋ ಅಂತಾರೆ. ಅದಕ್ಕೆ ಟಿ.ಸಿ. ಕೊಡೋದು ಜಾಸ್ತಿ ಆಯ್ತು."

"ಒಬ್ಬಳಿಗೆ ಕರುಣೆ ತೋರಿಸಿದ್ರೆ ಉಳಿದೋರ ಗತಿ ಏನು ಬ್ರದರ್?" ಎಂದರು ಜ್ಞಾನೇಶ್. ಯುವಕ ಕೂತ.

ಆಗ ಅಮ್ಮಂದಿರ ಕಡೆಯಿಂದ ಅತೀಕಾ ಎದ್ದಳು. ಆಲಿಯಾಳ ತಾಯಿ. ಗಂಡ ವಸೀಂ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನು ಆ ಕಡೆಯಿಂದ ಕೂತ್ಕೋ ಕೂತ್ಕೋ ಎಂದು ಕೈಸನ್ನೆ ಮಾಡುತ್ತಿದ್ದ.

"ನನ್ಗೆ ಆ ನೀತಿ ಗೀತಿ ಗೊತ್ತಿಲ್ಲ. ನನ್ ಮಗಳ ಕಾಲು ಮುರೀತು. ಬಿದ್ದು ಒದ್ದಾಡ್ತಾ ಇತ್ತು. ಮಿಸ್ ಪಕ್ಕದಲ್ಲೇ ಇದ್ರೂ ಮುಟ್ಲಿಲ್ಲ. ಯಾಕೆ ಅಂದ್ರೆ ನೀವು ಬೇಡ ಅಂದಿದೀರಿ. ನನ್ ಮಗಳು ನೋವಿಗೆ ಅಳ್ಲಿಲ್ಲ ಸಾರ್, ಮಿಸ್ ನನ್ನ ಮುಟ್ಲಿಲ್ಲ ಅಮ್ಮೀ ಅಂತ ಅತ್ತಳು. ಇದು ಯಾವ ದೇವ್ರು ಹೇಳಿದ್ದು?"

ಹಾಲಿನಲ್ಲಿ ಗುಸುಗುಸು ಎದ್ದಿತು. ಜ್ಞಾನೇಶ್ ನಕ್ಕರು. "ಅಮ್ಮಾ, ಅದನ್ನೆಲ್ಲ ಆಮೇಲೆ ಮಾತಾಡೋಣ. ಈಗ ಮಗು ತನ್ನ ತಪ್ಪು ಒಪ್ಕೊಳ್ಳುತ್ತೆ. ಆಮೇಲೆ ನಾವೆಲ್ಲ ಕ್ಷಮಿಸೋಣ."

ಪಕ್ಕದ ಬಾಗಿಲಿನಿಂದ ಸ್ಪಂದನಾಳನ್ನು ಕರೆತಂದರು.

ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದರು. ಕೈತುಂಬ ಬಳೆ. ಕೆಳತುಟಿ ಒಡೆದಿತ್ತು. ವೇದಿಕೆಯ ಮೇಲೆ ಮೈಕಿನ ಮುಂದೆ ನಿಲ್ಲಿಸಿದರು. ಮೈಕು ಅವಳಿಗಿಂತ ಎತ್ತರವಿತ್ತು. ಸುಗುಣಾ ಮೇಡಂ ಬಗ್ಗಿಸಿ ಕೊಟ್ಟರು. ಮುಂದಿನ ಸಾಲಿನಲ್ಲಿ ಷಡಕ್ಷರಪ್ಪ ನೆಲ ನೋಡುತ್ತ ಕೂತಿದ್ದ.

"ಹೇಳಮ್ಮ. ಹೆದರಬೇಡ" ಎಂದರು ಜ್ಞಾನೇಶ್. "ಇದನ್ನೆಲ್ಲ ನಿಂಗೆ ಯಾರು ಹೇಳ್ಕೊಟ್ಟಿದ್ದು?"

ಹುಡುಗಿ ಕೈಯ ಬಳೆಗಳನ್ನು ತಿರುಗಿಸುತ್ತ ನಿಂತಳು.

"ಹೆಸರು ಹೇಳು. ಅಷ್ಟು ಹೇಳಿ ಕೂತ್ಕೋ. ಯಾವ ಮಿಸ್?"

ಹುಡುಗಿಯ ಬಾಯಿ ತೆರೆಯಿತು. ಸದ್ದು ಹೊರಡಲಿಲ್ಲ. ಕತ್ತು ಎಡಕ್ಕೂ ಬಲಕ್ಕೂ ಅಲ್ಲಾಡಿತು. ಹೇಳುವುದಿಲ್ಲ ಎಂದೋ, ಮಾತು ಬರುತ್ತಿಲ್ಲ ಎಂದೋ ಯಾರಿಗೆ ಗೊತ್ತು. ಮತ್ತೆ ಕೇಳಿದರು. ಮತ್ತೆ ಅಲ್ಲಾಡಿತು. ಮೂರನೆಯ ಸಲ ಕೇಳಿದಾಗ ಅವಳ ಬಿಳಿ ಸಾಕ್ಸ್ ಒದ್ದೆಯಾಯಿತು. ವೇದಿಕೆಯ ಮರದ ಹಲಗೆಯ ಮೇಲೆ ನೀರು ಹರಿದು ಅಂಚಿಗೆ ಬಂದು ತೊಟ್ಟಿಕ್ಕಿತು. ಮುಂದಿನ ಸಾಲಿನಲ್ಲಿ ಯಾರೋ ಕಾಲು ಹಿಂದಕ್ಕೆಳೆದುಕೊಂಡರು. ಮತ್ತೆ ಯಾರೋ ಕಿಸಕ್ಕೆಂದರು.

ಮೇರಿ ಹೊರಟದ್ದು ಅವಳಿಗೇ ತಿಳಿಯಲಿಲ್ಲ. ಗೋಡೆ ಬಿಟ್ಟಳು. ಸಾಲುಗಳ ನಡುವೆ ನಡೆದಳು. ವೇದಿಕೆಗೆ ಮೆಟ್ಟಿಲಿತ್ತು, ಹುಡುಕಲಿಲ್ಲ. ಕೈ ಊರಿ ಹಾರಿ ಹತ್ತಿದಳು. ತನ್ನ ಟ್ರ್ಯಾಕ್ ಸೂಟಿನ ಜಾಕೆಟ್ ಬಿಚ್ಚಿದಳು.

"ಮುಟ್ಟಬೇಡಿ!" ಸುಗುಣಾ ಮೇಡಂ ಕೂಗಿದರು. ಮೈಕು ಹತ್ತಿರವಿತ್ತು. ಕೂಗು ಹಾಲಿನ ತುಂಬ ಹರಡಿತು.

ಮೇರಿ ಮುಟ್ಟಿದಳು. ಜಾಕೆಟ್ಟನ್ನು ಹುಡುಗಿಯ ಸೊಂಟಕ್ಕೆ ಸುತ್ತಿ ತೋಳುಗಳನ್ನು ಮುಂದೆ ಗಂಟು ಹಾಕಿದಳು. ಶೂ ಕಳಚಿ, ಒದ್ದೆ ಸಾಕ್ಸ್ ಬಿಚ್ಚಿ ತನ್ನ ಪ್ಯಾಂಟಿನ ಜೇಬಿಗೆ ತುರುಕಿಕೊಂಡಳು. ಅಂಗೈಯಿಂದ ಹುಡುಗಿಯ ಮುಖ ಒರೆಸಿದಳು. ಹುಡುಗಿ ಎರಡೂ ಕೈಯಲ್ಲಿ ಅವಳ ಟೀ ಶರ್ಟನ್ನು ಹಿಡಿದುಕೊಂಡಳು. ಬಳೆಗಳು ಮೇರಿಯ ಪಕ್ಕೆಗೆ ಒತ್ತಿದವು.

ಆಮೇಲೆ ಮೇರಿ ಮೈಕನ್ನು ಮೇಲೆತ್ತಿದಳು.

"ಹೇಳ್ಕೊಡೋದಕ್ಕೆ ಇದೇನು ಖೋ-ಖೋನಾ ಸಾರ್? ಇವಳಿಗೆ ಯಾರೂ ಹೇಳ್ಕೊಟ್ಟಿಲ್ಲ. ನಂಗೂ ಯಾರೂ ಹೇಳ್ಕೊಟ್ಟಿರಲಿಲ್ಲ."

ಹಾಲಿನಲ್ಲಿ ಮೊಬೈಲುಗಳು ಒಂದೊಂದಾಗಿ ಮೇಲೆದ್ದವು.

"ನಾನೂ ದಿನಾ ಪ್ರಾರ್ಥನೆ ಮಾಡೋಳೇ. ನಂಗೂ ಯೇಸು ಇದಾನೆ. ನನ್ನ ಮನೇಲಿ ಮಂಚ ಎಷ್ಟು ಅಂತ ಕೇಳಿದ್ರಿ. ಎಲ್ರ ಮುಂದೆ ಹೇಳ್ತೀನಿ ಕೇಳ್ಕೊಳ್ಳಿ. ಒಂದೇ ಮಂಚ. ನಾನು ಮತ್ತೆ ಶಾಮಲಾ. ಅವಳು ದುಡಿದು ಬರ್ತಾಳೆ, ನಾನು ದುಡಿದು ಬರ್ತೀನಿ. ಯಾರ ಮನೆ ಹುಡುಗೀನೂ ಕೆಡ್ಸಿಲ್ಲ. ಕೆಡ್ಸಿದೋರು ಇಲ್ಲಿ ಬೇರೆಯವ್ರೇ ಇದೀರಿ. ಈ ಮಗೂನ ಇಷ್ಟು ಜನರ ಮುಂದೆ ಉಚ್ಚೆ ಹುಯ್ಯಿಸಿದ್ರಲ್ಲ, ಇದು ಪಾಪ. ನಿಮ್ಮ ಕಾಗದಕ್ಕೆ ನಾನು ಸಹಿ ಹಾಕಲ್ಲ."

ಶಾಮಲಾಳ ಹೆಸರು ಬಾಯಿಂದ ಬಿದ್ದದ್ದು ಆಗ ಅವಳಿಗೆ ಹೊಳೆಯಿತು. ಆಣೆ ನೆನಪಾಯಿತು. ಕೆಳಗೆ ಹತ್ತಾರು ಕೈಗಳು ಮೊಬೈಲನ್ನು ಅವಳ ಕಡೆಗೇ ಎತ್ತಿ ಹಿಡಿದಿದ್ದವು.

ಷಡಕ್ಷರಪ್ಪ ವೇದಿಕೆಗೆ ಬಂದ. ಮಗಳ ರಟ್ಟೆ ಹಿಡಿದು ಎಳೆದ. ಹುಡುಗಿ ಟೀ ಶರ್ಟು ಬಿಡಲಿಲ್ಲ. ಅವನು ಒಂದೊಂದೇ ಬೆರಳನ್ನು ಬಿಡಿಸಿದ. ಬಿಡಿಸುವಾಗ ಮೇರಿಯ ಮುಖವನ್ನು ಒಮ್ಮೆ ನೋಡಿದ. ಹೊಡೆಯುತ್ತಾನೆ ಎಂದುಕೊಂಡಳು. ಹೊಡೆಯಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಸಿಟ್ಟಿಗೋ, ನಾಚಿಕೆಗೋ. ಮಗಳನ್ನು ಎಳೆದುಕೊಂಡು ಹೋದ. ನೀಲಿ ಜಾಕೆಟ್ಟು ಅವಳ ಸೊಂಟದಲ್ಲೇ ಹೋಯಿತು.

ಮತ್ತೆ ಅವಳನ್ನು ಮೇರಿ ನೋಡಲಿಲ್ಲ. ಕುಂಸಿಯ ದೊಡ್ಡಪ್ಪನ ಮನೆಯಲ್ಲಿಟ್ಟಿದ್ದಾರೆ ಎಂದು ಒಬ್ಬರು, ಹುಬ್ಬಳ್ಳಿಯ ಹಾಸ್ಟೆಲಿಗೆ ಹಾಕಿದ್ದಾರೆ ಎಂದು ಇನ್ನೊಬ್ಬರು. ಯಾವುದು ನಿಜವೋ ತಿಳಿಯಲಿಲ್ಲ.

*

"ನೀವೇ ಬರೆದುಕೊಟ್ಟು ಹೋಗಿ ಸಿಸ್ಟರ್" ಎಂದರು ಜ್ಞಾನೇಶ್. "ವೈಯಕ್ತಿಕ ಕಾರಣ ಅಂತ. ಒಳ್ಳೆ ಸರ್ಟಿಫಿಕೇಟ್ ಕೊಡ್ತೀವಿ. ಬೇರೆ ಊರಲ್ಲಿ ಕೆಲಸ ಸಿಗುತ್ತೆ."

"ನಾನು ಬಿಡಲ್ಲ. ನೀವೇ ತೆಗೀರಿ. ಯಾಕೆ ತೆಗೆದ್ವಿ ಅಂತ ಬರೆದು ತೆಗೀರಿ."

ಅವರು ಬರೆಯಲಿಲ್ಲ. ಬರೆದರೆ ಅದು ಹೊರಗಿನ ಕೋರ್ಟಿಗೆ ಹೋಗಬಹುದು. ಬರೆಯುವ ಬದಲು ಗೇಟು ಹಾಕಿಸಿದರು. ಸೋಮವಾರ ಮೇರಿ ಎಂದಿನಂತೆ ಟ್ರ್ಯಾಕ್ ಪ್ಯಾಂಟು ಹಾಕಿ, ಕೊರಳಿಗೆ ವಿಷಲ್ಲು ಸಿಕ್ಕಿಸಿ ಬಂದಳು. ಮಂಜಪ್ಪ ಒಳಗಿನಿಂದ ಅಗುಳಿ ಹಿಡಿದು ನಿಂತಿದ್ದ.

"ಬಿಡಬಾರ್ದು ಅಂದಿದಾರೆ ಮಿಸ್. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ನಿನ್ನ ಹೊಟ್ಟೆ ಮೇಲೆ ಯಾಕೆ ಹೊಡೀಲಿ ಮಂಜಪ್ಪ? ಒಳಗೆ ಬರಲ್ಲ. ಇಲ್ಲೇ ನಿಲ್ತೀನಿ. ನಾನು ಡ್ಯೂಟಿಗೆ ಬಂದಿದೀನಿ."

ನಿಂತಳು. ಮೊದಲ ಬೆಲ್ಲಿನಿಂದ ಕೊನೆಯ ಬೆಲ್ಲಿನವರೆಗೆ. ಮರುದಿನವೂ ನಿಂತಳು. ಬಿಸಿಲಿಗೆ ಕತ್ತಿನ ಹಿಂಭಾಗ ಸುಟ್ಟಿತು. ಮೂತ್ರಕ್ಕೆ ದೂರದ ಪೆಟ್ರೋಲ್ ಬಂಕಿನವರೆಗೆ ನಡೆಯಬೇಕಿತ್ತು. ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ನಿಲ್ಲುವುದು ಓಡುವುದಕ್ಕಿಂತ ಕಷ್ಟ ಎಂದು ಆಗ ತಿಳಿಯಿತು. ಮೀನಖಂಡ ಸೆಟೆದು ಕಲ್ಲಾಗುತ್ತಿತ್ತು. ಕಾರುಗಳಲ್ಲಿ ಬಂದ ಪೋಷಕರು ಗಾಜು ಏರಿಸಿಕೊಂಡರು. ಸ್ಕೂಟರಿನವರು ಮಕ್ಕಳ ಮುಖ ಆಚೆ ತಿರುಗಿಸಿದರು. ಅತೀಕಾ ಒಬ್ಬಳು ಗಾಡಿ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟಳು. "ಕಾಲಿಗೆ ಪ್ಲಾಸ್ಟರ್ ಹಾಕಿದಾರೆ ಮಿಸ್. ನಿಮ್ಮನ್ನ ಕೇಳ್ತಾ ಇರ್ತದೆ." ಅಷ್ಟು ಹೇಳಿ ಹೋದಳು. ಅವಳ ಗಂಡ ಇನ್ನೂ ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ.

ಸಂಜೆ ಮೇರಿ ಖಾಲಿ ಮನೆಗೆ ಹೋಗುತ್ತಿದ್ದಳು.

ಶಾಮಲಾ ಶನಿವಾರವೇ ಹೊರಟುಹೋಗಿದ್ದಳು. ವಿಡಿಯೊ ಅವಳಿಗಿಂತ ಮೊದಲು ಡಿಪೋ ತಲುಪಿತ್ತು. ಡ್ರೈವರೊಬ್ಬ ಎಲ್ಲರ ಎದುರು ಕೇಳಿದ್ದ, "ಶಾಮಲಾ ಮೇಡಂ, ಮನೇಲಿ ಯಜಮಾನ್ರು ಚೆನ್ನಾಗಿದಾರಾ?" ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಎರಡು ಟಿಕೆಟ್ ಕೊಡಿ, ಒಂದೇ ಮಂಚಕ್ಕೆ ಎಂದಿದ್ದರು.

"ಆಣೆ ಮಾಡಿದ್ದೆ ನೀನು" ಎಂದಿದ್ದಳು ಬ್ಯಾಗಿಗೆ ಬಟ್ಟೆ ತುಂಬುತ್ತ. ಕೂಗಲಿಲ್ಲ. ಕೂಗಿದ್ದರೆ ಮೇರಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ನೀನು ವೇದಿಕೆ ಹತ್ತಿದ್ದು ಸರಿ. ಸಹಿ ಹಾಕಲ್ಲ ಅಂದದ್ದೂ ಸರಿ. ಆದ್ರೆ ನನ್ನನ್ನ ಕೇಳದೆ ನನ್ನನ್ನೂ ಹತ್ತಿಸಿದೆ. ನನ್ನ ಬಾಯಿ ನಂದು ಮೇರಿ. ಹೇಳೋದಿದ್ರೆ ನಾನು ಹೇಳ್ಬೇಕಿತ್ತು."

ಮೇರಿ ಕ್ಷಮಿಸು ಎಂದಳು. ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಆಮೇಲೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ.

ಹೀಗೇ ಎರಡನೆಯ ವಾರ ನಡೆಯುತ್ತಿತ್ತು. ಒಂದು ಮಧ್ಯಾಹ್ನ, ಊಟದ ಬೆಲ್ಲು ಹೊಡೆದ ಮೇಲೆ, ತೀರ್ಥಹಳ್ಳಿ ಕಡೆಯ ಬಸ್ಸೊಂದು ಸ್ಟಾಪಿನಲ್ಲಿ ನಿಂತು ಹೋಯಿತು. ಇಳಿದವಳು ರಸ್ತೆ ದಾಟಿದಳು. ಖಾಕಿ ಸೀರೆ, ಖಾಕಿ ಕೋಟು, ಎದೆಯ ಮೇಲೆ ಹೆಸರಿನ ಬಿಲ್ಲೆ. ಕೈಯಲ್ಲಿ ಟಿಫನ್ ಕ್ಯಾರಿಯರ್.

ಮೇರಿ ಗೇಟಿಗೆ ಆನಿಸಿದ್ದ ಬೆನ್ನನ್ನು ತೆಗೆದಳು.

ಶಾಮಲಾ ಗೇಟಿನ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತು ಡಬ್ಬ ಬಿಚ್ಚಿದಳು. ಚಿತ್ರಾನ್ನ. ಮುಚ್ಚಳಕ್ಕೆ ಹಾಕಿ ಚಾಚಿದಳು.

"ಡ್ಯೂಟಿ?"

"ಬೆಳಿಗ್ಗೆ ಶಿಫ್ಟು ಮುಗೀತು. ಬಟ್ಟೆ ಬದಲಾಯ್ಸಿಲ್ಲ. ಬೇಕಂತಲೇ."

"ಇನ್ನೂ ಸಿಟ್ಟಿದೆಯಾ?"

"ಇದೆ. ತಿನ್ನು."

ಒಳಗಡೆ ಮಕ್ಕಳು ಡಬ್ಬ ಹಿಡಿದುಕೊಂಡು ಗೇಟಿನ ಸರಳುಗಳ ಹತ್ತಿರ ಬಂದರು. ಖೋ-ಖೋ ತಂಡದ ಹುಡುಗಿಯರು. ಮಂಜಪ್ಪ ಓಡಿಸಲು ಕೈಯೆತ್ತಿದ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಸುಮ್ಮನಾದ.

ಆಗ ಜ್ಞಾನೇಶರ ಕಾರು ಬಂತು. ಗೇಟಿನ ಮುಂದೆ ನಿಂತಿತು. ಗಾಜು ಇಳಿಯಿತು.

"ಇದೇನು ಜಾತ್ರೆ? ಸಿಸ್ಟರ್ ಮೇರಿ, ಇಷ್ಟು ದಿನ ಸುಮ್ನಿದ್ದೆ. ಇವತ್ತು ಪೊಲೀಸ್‌ಗೆ ಫೋನ್ ಮಾಡ್ತೀನಿ." ಆಮೇಲೆ ಖಾಕಿಯನ್ನು ನೋಡಿ ದನಿ ತಗ್ಗಿಸಿದರು. "ನೀವ್ಯಾರಮ್ಮ?"

ಶಾಮಲಾ ತುತ್ತು ನುಂಗಿದಳು. ಎದ್ದು ನಿಂತಳು. ಎದೆಯ ಮೇಲಿನ ಬಿಲ್ಲೆಯನ್ನು ನೇರ ಮಾಡಿಕೊಂಡಳು. ದನಿ ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥದ್ದು.

"ಶಾಮಲಾ ಅಂತ ಸಾರ್. ಇವಳ ಜೊತೆ ಇರೋಳು ನಾನೇ."

ಸರಳುಗಳ ಆಚೆ ಹುಡುಗಿಯರು ಇನ್ನಷ್ಟು ಹತ್ತಿರ ಬಂದರು. ಜ್ಞಾನೇಶ್ ಅವಳನ್ನೂ ಮೇರಿಯನ್ನೂ ನೋಡಿದರು. ಗಾಜು ಏರಿತು. ಗಾಜಿನ ಹಿಂದೆ ಅವರು ಫೋನನ್ನು ಕಿವಿಗಿಡುವುದು ಕಾಣಿಸಿತು.

"ನಿಜವಾಗ್ಲೂ ಮಾಡ್ತಿದಾನೆ ಕಣೇ" ಎಂದಳು ಮೇರಿ.

"ಮಾಡ್ಲಿ." ಶಾಮಲಾ ಮತ್ತೆ ಕಟ್ಟೆಯ ಮೇಲೆ ಕೂತಳು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಜೀಪು ಬರೋಕೆ ಇನ್ನೂ ಹೊತ್ತಿದೆ. ಕೂತ್ಕೊಂಡು ತಿನ್ನು."

ಮೇರಿ ಕೂತಳು.